ನಕಲಿ ಪಿಸ್ತೂಲಿಗೆ ಭಾರ ತಂದದ್ದು

ಜುಲೈ ಎಂಟು, ಮಂಗಳವಾರ, ಬೆಳಿಗ್ಗೆ ಒಂಬತ್ತೂ ಮುಕ್ಕಾಲು. ಮಾವಳ್ಳಿಯ ನಮ್ಮ ವರ್ಕ್‌ಶಾಪಿನ ಶಟರ್ ಎತ್ತಿ ಒಳಗೆ ಹೋದವಳೇ ಒಂದು ಪಿಸ್ತೂಲನ್ನು ತಕ್ಕಡಿಯ ಮೇಲಿಟ್ಟೆ. ನೂರ ತೊಂಬತ್ತು ಗ್ರಾಂ. ಒಂದು ದಪ್ಪ ಈರುಳ್ಳಿಯ ತೂಕ. ದಿನಚರಿಯಲ್ಲಿ ಅಂದಿನ ಮೊದಲ ಸಾಲಾಗಿ ಅದನ್ನು ಬರೆದುಕೊಂಡೆ.

ನಾವು ಸಿನಿಮಾ, ನಾಟಕ, ಧಾರಾವಾಹಿಗಳಿಗೆ ನಕಲಿ ಆಯುಧ ಮಾಡಿಕೊಡುವವರು. ನಾವು ಎಂದರೆ ವರ್ಕ್‌ಶಾಪಿನ ಯಜಮಾನರು ಮತ್ತು ಅವರ ಬಳಿ ಕೆಲಸಕ್ಕಿರುವ ನಾನು. ಅಚ್ಚು ತೆಗೆಯುವುದು, ಎರಕ ಹೊಯ್ಯುವುದು, ಬಣ್ಣ ಬಳಿಯುವುದು ನನ್ನ ಕೆಲಸ. ಚರ್ಮದ ಬೆಲ್ಟು, ಪಿಸ್ತೂಲು ಸಿಕ್ಕಿಸುವ ಚೀಲ, ಕತ್ತಿಯ ಒರೆ ಹೊಲಿಯುವುದು ಯಜಮಾನರದು. ಗುಂಡು ಹಾರುವ ಪಿಸ್ತೂಲು ನಮ್ಮಲ್ಲಿಲ್ಲ. ಈಗ ಸೆಟ್ಟಿನಲ್ಲಿ ಯಾರೂ ಅದನ್ನು ಕೇಳುವುದೂ ಇಲ್ಲ. ನಟರು ಗುಂಡು ಹಾರಿ ಕೈ ಹಿಂದಕ್ಕೆ ಜಗ್ಗಿದ ಹಾಗೆ ಮಾಡುತ್ತಾರೆ, ಬೆಂಕಿ, ಹೊಗೆ, ಸದ್ದು ಎಲ್ಲವನ್ನೂ ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸುತ್ತಾರೆ.

ತೂಕ ನೋಡಲು ಕಾರಣ ಹಿಂದಿನ ಸಂಜೆ ನಿರ್ದೇಶಕರು ಕಳಿಸಿದ ವಿಡಿಯೊ. ಬಸವನಗುಡಿಯ ಒಂದು ಛತ್ರದಲ್ಲಿ ತೆಗೆದ ಟೆಸ್ಟ್ ಶೂಟ್. ಆಷಾಢದಲ್ಲಿ ಮದುವೆಗಳಿಲ್ಲದೆ ಖಾಲಿ ಬಿದ್ದಿದ್ದ ಛತ್ರವನ್ನು ಒಂದು ಹೊಡೆದಾಟದ ದೃಶ್ಯಕ್ಕೆ ಹಿಡಿದಿದ್ದರು. ಮಫ್ತಿಯಲ್ಲಿರುವ ಮಹಿಳಾ ಇನ್ಸ್‌ಪೆಕ್ಟರ್ ಊಟದ ಹಾಲಿಗೆ ನುಗ್ಗಿ, ಸಾಲು ಮೇಜುಗಳ ನಡುವೆ ನಾಲ್ಕು ಜನರನ್ನು ಎದುರಿಸಬೇಕು. ವಿಡಿಯೊದಲ್ಲಿ ಆ ಪಾತ್ರದ ಕಲಾವಿದೆ ಓಡಿ ಬರುತ್ತಿದ್ದರು. ಮಳೆ ನಿಂತ ಮೇಲೆ ಮಡಚಿದ ಕೊಡೆ ಹಿಡಿದು ಬಸ್ಸಿಗೆ ಓಡುವವರ ಹಾಗಿತ್ತು. ತಿರುಗಿದರೆ ಪಿಸ್ತೂಲು ಕೈಗಿಂತ ಮುಂಚೆ ತಿರುಗುತ್ತಿತ್ತು. ಬಣ್ಣ, ಆಕಾರ ಎಲ್ಲ ಸರಿಯಾಗಿದ್ದೂ ಅದು ಆಟದ ಸಾಮಾನೆಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ನಿರ್ದೇಶಕರು ಯಜಮಾನರಿಗೆ ಫೋನಿನಲ್ಲಿ ಹೇಳಿದ್ದು ಇಷ್ಟು. ಹತ್ತೊಂಬತ್ತರ ಶನಿವಾರ ಇನ್ನೊಂದು ಟೆಸ್ಟ್. ಆಗಲೂ ಹೀಗೇ ಕಂಡರೆ ಪಿಸ್ತೂಲು ಹಿಡಿದ ಶಾಟ್‌ಗಳಿಗೆಲ್ಲ ಡೂಪ್ ಹಾಕುತ್ತಾರೆ, ಕಲಾವಿದೆಯ ಮುಖವನ್ನು ಮಾತ್ರ ಹತ್ತಿರದಿಂದ ತೋರಿಸುತ್ತಾರೆ. ಶ್ರಾವಣ ಬಂದರೆ ಛತ್ರ ಮದುವೆಗಳಿಗೆ ಹೋಗುತ್ತದೆ, ಆದ್ದರಿಂದ ಮೂರನೆಯ ಟೆಸ್ಟಿಗೆ ಸಮಯವಿಲ್ಲ.

ಅಂದು ಮಧ್ಯಾಹ್ನ ಕಲಾವಿದೆಯೇ ಆಟೊ ಇಳಿದು ವರ್ಕ್‌ಶಾಪಿಗೆ ಬಂದರು. ನಾನು "ಬನ್ನಿ ಮೇಡಂ" ಎಂದೆ.

"ಮೇಡಂ ಅನ್ಬೇಡ ಕಣೆ, ಅಕ್ಕ ಅನ್ನು. ಸೀರಿಯಲ್‌ನಲ್ಲಿ ಎಲ್ರಿಗೂ ಅಕ್ಕನೇ ಆಗಿದ್ದೋಳು" ಎಂದು ಸ್ಟೂಲ್ ಎಳೆದು ಕೂತರು. "ಇಷ್ಟು ವರ್ಷ ಕಾಫಿ ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದಾಯ್ತು. ಮೊದಲನೇ ಸಲ ಕೈಗೆ ಬೇರೆ ಏನೋ ಕೊಟ್ಟಿದಾರೆ. ಅದನ್ನೂ ಡೂಪ್ ಹಿಡ್ಕೊಂಡ್ರೆ ನಾನ್ಯಾಕೆ ಬೇಕು, ಹೇಳು?"

ಯಜಮಾನರು ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೇಳಿದರು: "ಕಾಫಿ ತಟ್ಟೆ ಹಿಡಿಯೋದು ಚೆನ್ನಾಗೇ ಇತ್ತಮ್ಮ. ನಮ್ಮನೇಲಿ ದಿನಾ ನೋಡ್ತಿದ್ರು."

"ಅದರಲ್ಲಿ ನಿಜವಾದ ಕಾಫಿ ಇರ್ತಿತ್ತಲ್ಲ ಸಾರ್! ಚೆಲ್ಲಿದ್ರೆ ಕೈ ಸುಡ್ತಿತ್ತು. ಇದರಲ್ಲಿ ಏನಿದೆ?" ಎನ್ನುತ್ತ ತಕ್ಕಡಿಯ ಮೇಲಿದ್ದ ಪಿಸ್ತೂಲನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು.

ಕೆಲಸ ಎಲ್ಲಿಂದ ಶುರುವಾಗಬೇಕೆಂದು ನನಗೆ ಅಲ್ಲಿಗೆ ತಿಳಿಯಿತು. ಇಂಥ ಪಿಸ್ತೂಲುಗಳ ಬಗ್ಗೆ ತಯಾರಕರೇ ಬರೆದಿರುವುದನ್ನು ಇಂಟರ್ನೆಟ್ಟಿನಲ್ಲಿ ಓದಿದೆ. ಖಾಲಿ ಇದ್ದಾಗ ಮುಕ್ಕಾಲು ಕಿಲೋದ ಮೇಲೆ, ಗುಂಡು ತುಂಬಿದಾಗ ಒಂದು ಕಿಲೋ ಹತ್ತಿರ. ನಮ್ಮದು ಅದರ ಐದನೇ ಒಂದು ಭಾಗವೂ ಇರಲಿಲ್ಲ.

ಎರಕದ ವಿಧಾನ ಹೀಗೆ: ಸಿಲಿಕಾನ್ ರಬ್ಬರಿನ ಅಚ್ಚಿನ ಎರಡು ಹೋಳು ಕೂಡಿಸಿ ಬಿಗಿಯಾಗಿ ಕಟ್ಟಬೇಕು. ಎರಡು ಡಬ್ಬಿಗಳ ರೆಸಿನ್ ದ್ರಾವಣವನ್ನು ಸಮ ಅಳತೆಯಲ್ಲಿ ಬೆರೆಸಿ, ಅದು ಗಟ್ಟಿಯಾಗುವ ಮೊದಲು, ಅಂದರೆ ಮೂರು ನಾಲ್ಕು ನಿಮಿಷದೊಳಗೆ, ಸಣ್ಣ ಧಾರೆಯಲ್ಲಿ ಹೊಯ್ಯಬೇಕು. ಭಾರಕ್ಕೆಂದು ಟೈರ್ ಅಂಗಡಿಯಿಂದ ಚಕ್ರ ಸರಿತೂಗಿಸುವ ಸೀಸದ ತುಂಡುಗಳನ್ನು ತಂದು ಅಚ್ಚಿನೊಳಗೆ ಜೋಡಿಸಿದೆ. ಆದರೆ ಹೊರಗೆ ಆಷಾಢದ ಜಿಟಿಜಿಟಿ. ಈ ದ್ರಾವಣಕ್ಕೆ ತೇವ ಆಗದು. ಮೊದಲ ಎರಕ ದೋಸೆಹಿಟ್ಟಿನ ಹಾಗೆ ನೊರೆಯೆದ್ದು ಅಚ್ಚಿನ ಬಾಯಿಯಿಂದ ಉಕ್ಕಿ ಬಂತು. ಎರಡನೆಯದು ಹೊರಗೆ ನುಣುಪಾಗಿದ್ದರೂ ಹಿಡಿಯ ಬಳಿ ಒತ್ತಿದರೆ ಲಟಕ್ಕನೆ ಮುರಿಯಿತು, ಒಳಗೆಲ್ಲ ಗುಳ್ಳೆ.

"ಬ್ರೆಡ್ ಮಾಡ್ತಿದೀಯೇನಮ್ಮಾ?" ಎಂದರು ಯಜಮಾನರು.

ಅಚ್ಚನ್ನು ಇಡೀ ದಿನ ಬಲ್ಬಿನ ಕೆಳಗಿಟ್ಟು ಒಣಗಿಸಿದೆ. ಸೀಸದ ತುಂಡುಗಳನ್ನು ಒರೆಸಿ ಬಿಸಿಗಾಳಿ ಹಾಯಿಸಿದೆ. ಮೂರನೆಯ ಎರಕ ಗಟ್ಟಿಯಾಗಿ ಬಂತು. ಒಂಬೈನೂರ ನಲವತ್ತು ಗ್ರಾಂ. ಗುರುವಾರ ಅಕ್ಕನನ್ನು ಕರೆಸಿದೆವು.

ಅವರು ಹಿಡಿದು ನಾಲ್ಕು ಹೆಜ್ಜೆ ನಡೆದರು. ಪಿಸ್ತೂಲಿನ ಮೂತಿ ನೆಲದ ಕಡೆಗೆ ಬಾಗಿತು. ಎತ್ತಿದರು, ಮತ್ತೆ ಬಾಗಿತು.

"ಏನೋ ಬೀಳಿಸ್ಕೊಂಡು ಹುಡುಕ್ತಿರೋ ಹಾಗಿದೆಯಲ್ಲೇ!"

ತಪ್ಪು ನನ್ನದೇ. ನಳಿಗೆಯಲ್ಲಿ ಜಾಗ ಜಾಸ್ತಿ ಇತ್ತೆಂದು ಸೀಸವನ್ನೆಲ್ಲ ಅಲ್ಲೇ ಇಟ್ಟಿದ್ದೆ. ಆದರೆ ತುಂಬಿದ ಪಿಸ್ತೂಲಿನಲ್ಲಿ ಗುಂಡುಗಳಿರುವುದು ಹಿಡಿಯೊಳಗೆ, ಅಂಗೈಯ ಒಳಗೆ ಬರುವ ಭಾಗದಲ್ಲಿ. ಒಟ್ಟು ತೂಕವನ್ನು ಬರೆದುಕೊಂಡಿದ್ದೆ, ಅದು ಎಲ್ಲಿರಬೇಕೆಂದು ಯೋಚಿಸಿರಲಿಲ್ಲ. ನಾಲ್ಕನೆಯ ಎರಕದಲ್ಲಿ ಹೆಚ್ಚಿನ ಸೀಸ ಹಿಡಿಗೆ ಹೋಯಿತು. ಕುದುರೆಯ, ಅಂದರೆ ಗುಂಡು ಹಾರಿಸಲು ಎಳೆಯುವ ಟ್ರಿಗರಿನ, ಹತ್ತಿರ ಒಂದು ಬೆರಳಿನ ಮೇಲಿಟ್ಟರೆ ಅತ್ತಿತ್ತ ವಾಲದೆ ನಿಲ್ಲುತ್ತಿತ್ತು.

ಇದನ್ನು ಕೈಗೆ ಕೊಟ್ಟಾಗ ಅಕ್ಕನ ಮುಖ ಬದಲಾಯಿತು. ಯಾರೂ ಹೇಳದೆ ಅವರ ಎಡಗೈ ತಾನೇ ಬಂದು ಬಲಗೈಗೆ ಆಸರೆಯಾಯಿತು. ಮೊಣಕೈ ಮೈಗೆ ಹತ್ತಿರವಾಯಿತು. ಪಾದಗಳು ಸ್ವಲ್ಪ ಅಗಲವಾದವು. ನಾನು ಹೇಳಿಕೊಟ್ಟದ್ದು ಒಂದೇ: ಗುರಿ ಹಿಡಿದು ಹೊಡೆಯಲು ತೀರ್ಮಾನಿಸುವ ತನಕ ತೋರುಬೆರಳು ಕುದುರೆಯ ಮೇಲಲ್ಲ, ಪಕ್ಕದಲ್ಲಿ ನೆಟ್ಟಗಿರಬೇಕು. ಸಿನಿಮಾದಲ್ಲಿ ಇದನ್ನು ಪಾಲಿಸುವವರು ಕಡಿಮೆ. ಈ ಕೆಲಸಕ್ಕೆಂದು ನಾನು ಹತ್ತಾರು ಹೊಡೆದಾಟದ ತುಣುಕುಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಲೆಕ್ಕ ಇಟ್ಟಿದ್ದೆ. ಮಾತಾಡುವಾಗಲೂ ಬೆರಳು ಕುದುರೆಯ ಮೇಲೆ. ಪಿಸ್ತೂಲನ್ನು ಅಡ್ಡ ಹಿಡಿದು ಹೊಡೆಯುವುದು. ಬರಿಯ ಪ್ಯಾಂಟಿನ ಬೆನ್ನಿಗೆ ಸಿಕ್ಕಿಸಿಕೊಂಡು ಗೋಡೆ ಹಾರುವುದು. ಅಕ್ಕ ಪಟ್ಟಿ ಕೇಳಿ ನಕ್ಕರು. "ಸೆರಗಿಗೆ ಬೀಗದ ಕೈ ಸಿಕ್ಕಿಸೋಕೂ ಇದಕ್ಕಿಂತ ಜಾಸ್ತಿ ಹುಷಾರಾಗಿರ್ತೀವಿ" ಎಂದರು.

ಹದಿನಾಲ್ಕರ ಸೋಮವಾರ ಛತ್ರದಲ್ಲಿ ರಿಹರ್ಸಲ್. ಪಿಸ್ತೂಲನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ, ನಿರ್ಮಾಣ ಸಂಸ್ಥೆಯ ಪತ್ರದ ಸಮೇತ ಒಯ್ದೆ. ನಕಲಿಯಾದರೂ ಬೀದಿಯಲ್ಲಿ ಕೈಯಲ್ಲಿ ಹಿಡಿದು ಓಡಾಡುವಂತಿಲ್ಲ. ಫೈಟ್ ಮಾಸ್ಟರ್ ಅದನ್ನು ತೆಗೆದು ಕೈಯಲ್ಲಿ ತೂಗಿ ನೋಡಿ ನನಗೇ ವಾಪಸ್ ಕೊಟ್ಟರು.

"ಆಗಲ್ಲಮ್ಮ."

"ಯಾಕೆ ಮಾಸ್ಟ್ರೆ? ಇದು ನಿಜವಾದ ತೂಕ."

"ಅದಕ್ಕೇ ಆಗಲ್ಲ. ಇವರು ಓಡಿ ಬಂದು ತಿರುಗ್ತಾರೆ, ಒಬ್ಬ ಕೈ ಹಿಡಿತಾನೆ, ಇನ್ನೊಬ್ಬ ಕೆಳಗಿಂದ ಎದ್ದೇಳ್ತಾನೆ. ಇದು ತಗುಲಿದ್ರೆ ಹೊಲಿಗೆ ಹಾಕಿಸ್ಬೇಕಾಗತ್ತೆ. ಪಿಸ್ತೂಲು ಡಮ್ಮಿ ಸರಿ, ನನ್ನ ಹುಡುಗರ ತಲೆ ಡಮ್ಮಿ ಅಲ್ಲ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹೊಡೆದಾಟಕ್ಕೆ ಮೆತ್ತನೆಯ ರಬ್ಬರಿನದೇ ಆಗಬೇಕು. ಅದು ಇನ್ನೂರ ನಲವತ್ತು ಗ್ರಾಂ. ಹೊಸ ಯೋಜನೆ ಹಾಕಿದೆ: ಅಕ್ಕ ಭಾರದ ಪಿಸ್ತೂಲಿನಲ್ಲಿ ಮನೆಯಲ್ಲಿ ಅಭ್ಯಾಸ ಮಾಡಲಿ, ಕೈ ಅದನ್ನು ನೆನಪಿಟ್ಟುಕೊಳ್ಳಲಿ, ಶೂಟಿಂಗಿಗೆ ರಬ್ಬರಿನದನ್ನು ಹಿಡಿಯಲಿ. ಅವರು ಅಷ್ಟೂ ದಿನ ಶ್ರದ್ಧೆಯಿಂದ ಮಾಡಿದರು. "ನಮ್ಮತ್ತೆ ‘ಅಡುಗೆಮನೆಗೆ ಮಾತ್ರ ಅದನ್ನ ತರಬೇಡ ಕಣಮ್ಮ’ ಅಂದ್ರು. ಹಾಲು ಉಕ್ಕಿದಾಗ ಗುರಿ ಇಟ್ಟಿದ್ದೆ" ಎಂದು ಫೋನಿನಲ್ಲಿ ಹೇಳಿದರು.

ಗುರುವಾರ ಛತ್ರದಲ್ಲಿ ನಿರ್ದೇಶಕರ ಎದುರಿಗೆ ಅವರ ಕೈಗೆ ರಬ್ಬರಿನ ಪಿಸ್ತೂಲು ಕೊಟ್ಟೆ. ಅವರು ಬಾಗಿಲು ದಾಟಿ ಕೈ ಎತ್ತಿದರು. ಪಿಸ್ತೂಲು ಎದೆಯ ಮಟ್ಟದಲ್ಲಿ ನಿಲ್ಲದೆ ಹಣೆಯ ಮೇಲಕ್ಕೆ ಹಾರಿತು. ತುಂಬಿದೆಯೆಂದುಕೊಂಡು ಖಾಲಿ ಬಿಂದಿಗೆ ಎತ್ತಿದರೆ ಏನಾಗುತ್ತದೋ ಅದೇ ಆಯಿತು. ಮೂರು ಸಲ ಮಾಡಿದರು, ಮೂರು ಸಲವೂ ಹಾಗೇ. ಮೊದಲ ಟೆಸ್ಟಿಗಿಂತ ಕೆಟ್ಟದಾಗಿತ್ತು.

ನಿರ್ದೇಶಕರು ಕೋಪ ಮಾಡಿಕೊಳ್ಳಲಿಲ್ಲ. ಬೇರೆ ಮೂಲೆಗೆ ಹೋಗಿ ಫೋನಿನಲ್ಲಿ, "ಶನಿವಾರ ಡೂಪ್ ಹುಡುಗೀನ ಕಳಿಸ್ಬಿಡಿ, ಹೈಟು ಐದೂ ನಾಲ್ಕು" ಎಂದರು. ಅಕ್ಕನಿಗೂ ಕೇಳಿಸಿತು. ಅವರು ಕೈ ತೊಳೆಯುವ ತೊಟ್ಟಿಯ ಕಟ್ಟೆಯ ಮೇಲೆ ಕೂತು ಬಲ ತೋಳನ್ನು ನೀವಿಕೊಳ್ಳುತ್ತಿದ್ದರು. "ನಿನ್ನ ತಪ್ಪಲ್ಲ ಬಿಡು" ಎಂದಾಗ ನನಗೆ ಇನ್ನಷ್ಟು ಕಷ್ಟವಾಯಿತು.

ಅಲ್ಲಿಂದ ಗಾಂಧಿ ಬಜಾರಿಗೆ ನಡೆದು ಮನೆಗೆ ತರಕಾರಿ ಕೊಂಡೆ. ತುಂತುರು ಶುರುವಾಯಿತು. ಎಡಗೈಯಲ್ಲಿ, ಅಕ್ಕ ವಾಪಸ್ ಕೊಟ್ಟ ಭಾರದ ಪಿಸ್ತೂಲೂ ಇದ್ದ ಪೆಟ್ಟಿಗೆ. ತರಕಾರಿ ಚೀಲವನ್ನು ಬಲ ಮುಂಗೈಗೆ ತೂಗುಹಾಕಿಕೊಂಡು ಅದೇ ಕೈಯಲ್ಲಿ ಕೊಡೆ ಬಿಚ್ಚಿದೆ. ಎದುರಿಗೆ ಬಂದವರಿಗೆ ತಾಗದಂತೆ ಕೊಡೆಯನ್ನು ಪಕ್ಕಕ್ಕೆ ಸರಿಸಬೇಕಾಯಿತು. ಸರಿಸಿದೆ. ಕೊಡೆ ನಿಧಾನವಾಗಿ, ದೊಡ್ಡ ವಸ್ತುವೊಂದರ ಹಾಗೆ ಸರಿಯಿತು. ಹಗುರವಾದ ಮಡಚುವ ಕೊಡೆ ಅದು. ಅಂಗಡಿಯ ಸೂರಿನ ಕೆಳಗೆ ನಿಂತು ಚೀಲ ಇಟ್ಟು ಒಮ್ಮೆ, ಚೀಲ ಹಾಕಿಕೊಂಡು ಒಮ್ಮೆ ಕೊಡೆಯನ್ನು ಆಡಿಸಿ ನೋಡಿದೆ. ಹೂವಿನವರು ಒಬ್ಬರು "ಏನಮ್ಮಾ, ಕೊಡೆ ಕೆಟ್ಟೋಯ್ತಾ?" ಎಂದರು.

ಕೊಡೆ ಕೆಟ್ಟಿರಲಿಲ್ಲ. ನೋಡುವವರಿಗೆ ಕಾಣುವುದು ವಸ್ತುವಿನ ಭಾರವಲ್ಲ, ತೋಳಿನ ಭಾರ. ಹಾಗಿದ್ದರೆ ಪಿಸ್ತೂಲು ರಬ್ಬರಿನದೇ ಇರಲಿ. ಭಾರವನ್ನು ಅಕ್ಕನ ಮುಂಗೈಗೆ ಕಟ್ಟಬೇಕು. ಮಫ್ತಿಯ ವೇಷಕ್ಕೆ ತುಂಬು ತೋಳಿನ ಖಾದಿ ಕುರ್ತಾ ಇತ್ತು. ಕಟ್ಟಿದ್ದು ಕಾಣುವುದಿಲ್ಲ, ಯಾರ ತಲೆಗೂ ತಗುಲುವುದಿಲ್ಲ. ಅಲ್ಲಿಂದಲೇ ಯಜಮಾನರಿಗೆ ಫೋನ್ ಮಾಡಿದೆ.

"ಇಷ್ಟ್ ದಿನ ಪಿಸ್ತೂಲಿಗೆ ತುಂಬಿದ್ದಾಯ್ತು, ಈಗ ಆಯಮ್ಮಂಗೇ ತುಂಬ್ತೀನಿ ಅಂತೀಯಲ್ಲ" ಎಂದರು. ಜೊತೆಗೇ "ಪಟ್ಟಿ ಎಷ್ಟಗಲ ಬೇಕು?" ಎಂದು ಕೇಳಿದರು.

ಶುಕ್ರವಾರವೆಲ್ಲ ಅದೇ ಕೆಲಸ. ಸೈಕಲ್ ಅಂಗಡಿಯಿಂದ ಬೇರಿಂಗಿನ ಉಕ್ಕಿನ ಗೋಲಿ ತಂದೆ. ಮೆತ್ತನೆಯ ಬಟ್ಟೆಯಲ್ಲಿ ಯಜಮಾನರು ಕೌದಿಯ ಹಾಗೆ ಉದ್ದುದ್ದ ಗೀರು, ಅಂದರೆ ಕಿರಿದಾದ ಚೀಲಗಳ ಸಾಲು, ಹೊಲಿದು, ಪ್ರತಿ ಗೀರಿನಲ್ಲೂ ಗೋಲಿ ತುಂಬಿ ಪಟ್ಟಿ ಮಾಡಿದರು. ಮೊದಲು ಏಳುನೂರು ಗ್ರಾಂ. ರಬ್ಬರಿನ ಪಿಸ್ತೂಲಿನ ಜೊತೆ ಸೇರಿದರೆ ಲೆಕ್ಕ ಸರಿಹೋಗುತ್ತದೆ ಎಂದುಕೊಂಡಿದ್ದೆ. ನಾನೇ ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತೆ. ಸಾಲಲಿಲ್ಲ. ಭಾರ ಅಂಗೈಯಿಂದ ಹಿಂದಕ್ಕೆ ಸರಿದಷ್ಟೂ ತೋಳಿಗೆ ಹಗುರ. ಪಟ್ಟಿಯನ್ನು ಮಣಿಕಟ್ಟಿನ ಹತ್ತಿರಕ್ಕೆ ತಂದು, ಇನ್ನೂರು ಗ್ರಾಂ ಹೆಚ್ಚಿಸಿದೆವು. ಭಾರದ ಪಿಸ್ತೂಲು ಹಿಡಿದ ನನ್ನ ಕೈಯ ವಿಡಿಯೊ, ತುಂಬು ತೋಳಿನ ಕೆಳಗೆ ಪಟ್ಟಿ ಕಟ್ಟಿ ರಬ್ಬರಿನದು ಹಿಡಿದ ಕೈಯ ವಿಡಿಯೊ, ಎರಡನ್ನೂ ಯಜಮಾನರಿಗೆ ತೋರಿಸಿ ಯಾವುದು ಯಾವುದೆಂದು ಕೇಳಿದೆ. ಅವರು ತಪ್ಪು ಹೇಳಿದರು. ಅಂದು ನನಗೆ ಸಿಕ್ಕ ಅತಿ ದೊಡ್ಡ ಸಂತೋಷ ಅದು.

ಶನಿವಾರ ಬೆಳಿಗ್ಗೆ ಯಜಮಾನರೂ ನಾನೂ ಛತ್ರಕ್ಕೆ ಹೋದೆವು. ಅಕ್ಕನಿಗೆ ಪಟ್ಟಿ ಕಟ್ಟಿ, ಕುರ್ತಾದ ತೋಳು ಇಳಿಸಿ, ಗುಂಡಿ ಹಾಕಿದೆ. ಅವರು ಹಾಲಿನ ಮಧ್ಯಕ್ಕೆ ಓಡಿ ತಿರುಗಿದರು. ಖಾಲಿ ಹಾಲಿನಲ್ಲಿ "ಜಲ್" ಎಂದಿತು.

"ಏನ್ ಮೇಡಂ, ಗೆಜ್ಜೆ ಕಟ್ಕೊಂಡ್ ಬಂದಿದೀರಾ?" ಎಂದರು ಫೈಟ್ ಮಾಸ್ಟರ್. ಮಾತು ಸ್ಥಳದಲ್ಲೇ ರೆಕಾರ್ಡ್ ಮಾಡುತ್ತಿದ್ದವರು ಹೆಡ್‌ಫೋನ್ ತೆಗೆದು ಆಗದು ಎಂದು ತಲೆಯಾಡಿಸಿದರು. ಗೋಲಿಗಳ ನಡುವೆ ಸಂದು ಉಳಿದಿತ್ತು. ವರ್ಕ್‌ಶಾಪಿನ ಗದ್ದಲದಲ್ಲಿ ನಮಗದು ಕೇಳಿಸಿರಲಿಲ್ಲ. ನಿರ್ದೇಶಕರು ಗಡಿಯಾರ ನೋಡಿಕೊಂಡರು. ಡೂಪ್ ಹುಡುಗಿ ಆಗಲೇ ಅಂಥದ್ದೇ ಕುರ್ತಾ ಹಾಕಿಕೊಂಡು ಬಾಗಿಲ ಬಳಿ ಬಂದು ಕೂತಿದ್ದಳು.

ಸಂದು ತುಂಬಲು ನುಣ್ಣನೆಯ, ಒಣಗಿದ ಏನಾದರೂ ಬೇಕಿತ್ತು. ಮರಳು ತರಲು ಹೊತ್ತಿರಲಿಲ್ಲ. ಹಿಂದಿನ ಅಡುಗೆಮನೆಯಲ್ಲಿ ಯೂನಿಟ್ಟಿನ ಅಡುಗೆಯವರು ತಿಂಡಿಗೆ ತಯಾರಿ ನಡೆಸಿದ್ದರು. ಹೋಗಿ ಎರಡು ಸೌಟು ರವೆ ಕೇಳಿದೆ.

"ಹುರಿದಿದ್ದಾ, ಹಸೀದಾ?" ಎಂದರು.

ಯೋಚಿಸಿ "ಹುರಿದಿದ್ದು" ಎಂದೆ. ತೇವ ಇರುವುದಿಲ್ಲವಲ್ಲ.

ಯಜಮಾನರು ಗೀರುಗಳ ಬಾಯಿ ಬಿಚ್ಚಿದರು. ನಾನು ಕಾಗದದ ಕೊಳವೆ ಮಾಡಿ ರವೆ ಸುರಿದು, ಪಟ್ಟಿಯನ್ನು ಮೇಜಿಗೆ ಕುಟ್ಟಿ ಕುಟ್ಟಿ ಇಳಿಸಿದೆ. ಅವರು ಕೈಹೊಲಿಗೆ ಹಾಕಿದರು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಸದ್ದಿಲ್ಲ. "ಶೂಟಿಂಗ್ ತಡ ಆದ್ರೆ ಇದನ್ನೇ ಒಗ್ಗರಣೆ ಹಾಕ್ಕೊಂಡ್ ತಿನ್ನೋಣ" ಎಂದು ಯಜಮಾನರು ಹಲ್ಲಿನಲ್ಲೇ ದಾರ ಕಡಿದರು.

ಟೇಕ್ ಶುರುವಾಯಿತು. ಅಕ್ಕ ಬಾಗಿಲು ದೂಡಿ ಒಳಗೆ ಬಂದರು. ಮೊದಲು ಭುಜ ಎದ್ದಿತು, ಅದರ ಹಿಂದೆ ಮೊಣಕೈ, ಕೊನೆಗೆ ಪಿಸ್ತೂಲು. ಮೇಜಿನ ಸಾಲಿನ ಕಡೆಗೆ ತಿರುಗಿದಾಗ ಪಿಸ್ತೂಲು ಒಂದು ಎಳೆ ತಡವಾಗಿ ನಿಂತಿತು, ಎಡಗೈ ಬಂದು ಹಿಡಿಯಿತು. ಬೆರಳು ಪಕ್ಕದಲ್ಲೇ ಇತ್ತು. ಹೊಡೆಯುವ ಕ್ಷಣಕ್ಕೆ ಮಾತ್ರ ಒಳಗೆ ಹೋಯಿತು. ಒಬ್ಬ ಅವರ ಕೈ ಹಿಡಿದು ತಿರುಚಿದ, ಅವರು ಬಿಡಿಸಿಕೊಂಡು ಮತ್ತೆ ಗುರಿ ಹಿಡಿದರು. ಈ ಸಲ ಎತ್ತುವುದು ಮೊದಲಿಗಿಂತ ನಿಧಾನವಾಗಿತ್ತು. ನಾಲ್ಕನೆಯವನು ಬಿದ್ದ ಮೇಲೆ ಅವರು ಕೈ ಇಳಿಸಲಿಲ್ಲ, ಭಾರಕ್ಕೆ ಅದೇ ಇಳಿಯಿತು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ನಿರ್ದೇಶಕರು ಮಾನಿಟರಿನಲ್ಲಿ ಎರಡು ಸಲ ನೋಡಿದರು. ಫೈಟ್ ಮಾಸ್ಟರ್ ಅವರ ಹಿಂದೆ ನಿಂತಿದ್ದರು.

"ಇದು ಡೂಪ್ ಕೈಲಿ ಆಗಲ್ಲ ಸಾರ್. ಆ ಹುಡುಗಿ ಚೆನ್ನಾಗಿ ಹಾರ್ತಾಳೆ. ಹೀಗೆ ದಣಿಯೋಕೆ ಇವರೇ ಬೇಕು."

ನಿರ್ದೇಶಕರು ತಲೆಯಾಡಿಸಿದರು. "ಮೇಡಂ, ನೀವೇ ಮಾಡಿ. ಆದ್ರೆ ಒಂದು. ಈ ಸೀನಲ್ಲಿ ನಿಮ್ಮ ಮೂರು ಡೈಲಾಗಿಗೂ ಮೊದಲು ಆ ಚಕ್ ಚಕ್ ಬೇಕು. ಅದಿಲ್ದಿದ್ರೆ ಜನ ಶಿಳ್ಳೆ ಹೊಡೆಯಲ್ಲ."

ಚಕ್ ಚಕ್ ಎಂದರೆ ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆಳೆದು ಬಿಡುವುದು. ರಬ್ಬರಿನದರಲ್ಲಿ ಅದು ಅಲ್ಲಾಡದು, ಅಂಥ ಶಾಟ್‌ಗಳಿಗೆ ಮೇಲ್ಭಾಗ ಜಾರುವ ಬೇರೆ ನಕಲಿ ನಮ್ಮಲ್ಲಿದೆ. ಮೊದಲ ಗುಂಡನ್ನು ನಳಿಗೆಗೆ ತರಲು ಒಮ್ಮೆ ಮಾಡಿದರೆ ಸಾಕು. ಮತ್ತೆ ಎಳೆದರೆ ಹೊಡೆಯದ ಗುಂಡು ಹೊರಗೆ ಹಾರಿ ಬೀಳುತ್ತದೆ ಎಂದು ವಿವರಿಸಿದೆ.

"ಬೀಳ್ಲಿ ಬಿಡಮ್ಮ, ಛತ್ರದವರು ಗುಡಿಸ್ತಾರೆ."

"ಒಂದೇ ಸಲ ಎಳಿತೀನಿ ಸಾರ್" ಎಂದರು ಅಕ್ಕ. "ಶಿಳ್ಳೆ ಬರೋ ಹಾಗೆ ಎಳಿತೀನಿ." ಕೊನೆಗೆ ಎರಡಕ್ಕೆ ಒಪ್ಪಂದವಾಯಿತು. ನನ್ನ ಲೆಕ್ಕದಲ್ಲಿ ಒಂದು ಗುಂಡು ವ್ಯರ್ಥ. ಅಷ್ಟಕ್ಕೆ ನಾನೂ ಒಪ್ಪಿದೆ.

ಇಪ್ಪತ್ತೆರಡು, ಇಪ್ಪತ್ತಮೂರರಂದು, ಶ್ರಾವಣಕ್ಕೆ ಮುಂಚೆ, ದೃಶ್ಯ ಪೂರ್ತಿಯಾಯಿತು. ಎರಡು ದಿನವೂ ಪಟ್ಟಿ ಕಟ್ಟಿ ಬಿಚ್ಚುವುದು ನನ್ನ ಕೆಲಸವಾಗಿತ್ತು. ಮಹಡಿಯಿಂದ ಜಿಗಿಯುವ ಶಾಟ್ ಒಂದನ್ನು ಡೂಪ್ ಹುಡುಗಿ ಮಾಡಿದಳು. ಉಳಿದದ್ದೆಲ್ಲ ಅಕ್ಕನದೇ. ಕೊನೆಯ ಶಾಟ್ ಓಕೆ ಆದಾಗ ಆ ಹುಡುಗಿ ಬಂದು, "ಅಕ್ಕ, ನಾನು ಹಾರಿದ್ದು ಬರೀ ಬೆನ್ನು ಕಾಣೋ ಹಾಗೆ ತೆಗೆದ್ರು. ಎಲ್ರೂ ನೀವೇ ಅನ್ಕೋತಾರೆ" ಎಂದಳು. ಅಕ್ಕ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, "ನಮ್ಮತ್ತೆ ಕೇಳಿದ್ರೆ ನಿಜ ಹೇಳ್ತೀನಿ ಕಣೆ. ಹಾರಿದ್ದು ನೀನು. ಮಿಕ್ಕಿದ್ದಕ್ಕೆಲ್ಲ ಕೈ ಮಾತ್ರ ನಂದೇ ಅಂತೀನಿ" ಎಂದರು. ಕುರ್ತಾದ ತೋಳು ಮಡಚಿ ಕೈಯನ್ನು ನನ್ನ ಮುಂದೆ ಚಾಚಿದರು. ಪಟ್ಟಿ ಬಿಚ್ಚಿದೆ. ಚರ್ಮದ ಮೇಲೆ ಗೀರುಗಳ ಗುರುತು ಸಾಲಾಗಿ ಮೂಡಿತ್ತು. ಅವರು ಅದನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡರು.

ಒಂದು ವಿಷಯ ಮಾತ್ರ ನನಗೆ ಇನ್ನೂ ಗೊತ್ತಾಗಿಲ್ಲ. ಗುಂಡುಗಳು ಖಾಲಿಯಾಗುತ್ತ ಹೋದಂತೆ ನಿಜವಾದ ಪಿಸ್ತೂಲು ಹಗುರವಾಗಲೇಬೇಕು. ಆ ವ್ಯತ್ಯಾಸ ಹಿಡಿದವರ ಕೈಗೆ ತಿಳಿಯುತ್ತದೆಯೆ? ಅಥವಾ ಅಷ್ಟು ಹೊತ್ತಿಗೆ ತೋಳು ದಣಿದು, ಹಗುರವಾದದ್ದೂ ಭಾರವೆನಿಸುತ್ತದೆಯೆ? ಇಂಟರ್ನೆಟ್ಟಿನಲ್ಲಿ ಗ್ರಾಂ ಲೆಕ್ಕ ಸಿಕ್ಕಿತು, ಇದಕ್ಕೆ ಉತ್ತರ ಸಿಗಲಿಲ್ಲ. ಕರ್ತವ್ಯದ ಮೇಲೆ ಪಿಸ್ತೂಲು ಹಿಡಿದವರು, ಗುರಿ ಹೊಡೆಯುವ ಕ್ರೀಡೆಯಲ್ಲಿರುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಈ ಪತ್ರಿಕೆಯ ಸಂಪಾದಕರ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಯಾವ ಕೈಯಲ್ಲಿ, ಎಷ್ಟು ಹೊತ್ತು ಹಿಡಿದಿದ್ದಿರಿ ಎಂಬುದನ್ನೂ ಬರೆದರೆ ಉಪಕಾರ. ಮುಂದಿನ ಸಿನಿಮಾಕ್ಕೆ ಪಟ್ಟಿಯ ಹೊಲಿಗೆ ಬಿಚ್ಚಿ ಗೋಲಿ ಕಡಿಮೆ ಮಾಡುವುದು ಕಷ್ಟವೇನಲ್ಲ.